ತೂತಿನ ತಟ್ಟೆ

ಆಗಸ್ಟ್ ೬, ೧೯೫೧, ಸೋಮವಾರ. ಹಿಂದೂಪುರ

ಇದು ಎಣ್ಣೆ ಕಂಪನಿಯವರು ನಮ್ಮ ಮನೆಯವರಿಗೆ ಕೊಟ್ಟ ಡೈರಿ. ಒಂದು ಹಾಳೆಯನ್ನೂ ಅವರು ಮುಟ್ಟಿರಲಿಲ್ಲ. ಏನಿದ್ದರೂ ತಮ್ಮ ಲೇತ್ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದರು. ಏಪ್ರಿಲ್‌ನಲ್ಲಿ ಮೂರು ದಿನದ ಜ್ವರ, ಹೋಗಿಬಿಟ್ಟರು. ಡೈರಿ ಗೂಡಿನಲ್ಲಿ ಹಾಗೇ ಇತ್ತು. ಕಾಗದ ಹಾಳಾಗುವುದು ಬೇಡವೆಂದು ನಾನು ಬರೆಯುತ್ತೇನೆ. ಐದನೇ ಕ್ಲಾಸಿನವರೆಗೆ ಓದಿದ್ದು ಇಷ್ಟಕ್ಕಾದರೂ ಬರಲಿ.

ಇವತ್ತು ಊಟಕ್ಕೆ ಕೂತಾಗ ಮೈದುನ ಮಲ್ಲಿಕಾರ್ಜುನಪ್ಪ ಶೆಡ್ಡಿನ ಮಾತು ತೆಗೆದ. ಅವನದು ಬೆಲ್ಲದ ಮಂಡಿ.

"ಅತ್ತಿಗೆ, ಬೇಜಾರು ಮಾಡ್ಕಬ್ಯಾಡಿ. ದೀಪಾವಳಿ ಕಳೀತಿದ್ದಂಗೆ ಹೊಸ ಬೆಲ್ಲ ಬತ್ತದೆ. ಮಂಡೀಲಿ ಕಾಲಿಡಕ್ಕೆ ಜಾಗ ಇಲ್ಲ. ಶೆಡ್ಡು ಸುಮ್ಕೆ ಬಿದ್ದೈತಲ್ಲ."

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿಮ್ಮಣ್ಣನ ಲೇತ್ ಮೇಲೆ ಬೆಲ್ಲದಚ್ಚು ಒಟ್ತೀಯೇನ್ಲಾ? ಇರುವೆಗಳಿಗೆ ಮಿಷಿನ್ ಕೆಲ್ಸ ಕಲಿಸ್ತೀಯಾ?"

ಅವನು ನಕ್ಕ. ಕೆಟ್ಟವನಲ್ಲ. ಕೇಳಬೇಕಾದ್ದನ್ನೇ ಕೇಳಿದ. ನಾನು ದೀಪಾವಳಿಯವರೆಗೆ ಬಿಡು ಎಂದೆ. ಯಾಕೆ ಎಂದು ಅವನೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಆಗಸ್ಟ್ ೯, ಗುರುವಾರ

ಶೆಡ್ಡಿಗೆ ಹೋಗಿ ಬಂದೆ. ಕಸ ಗುಡಿಸುವುದಕ್ಕೆಂದು ಹೋದೆ. ಗುಡಿಸಲಿಲ್ಲ.

ನಮ್ಮ ಬೀದಿಗೆ ಇನ್ನೂ ಕರೆಂಟು ಬಂದಿಲ್ಲ. ಕಬ್ಬಿಣ ಕಡೆಯುವ ಲೇತು ತಿರುಗಬೇಕೆಂದರೆ ಈ ಕಡೆಯ ದೊಡ್ಡ ಗಾಲಿಯನ್ನು ಯಾರಾದರೂ ಕೈಯಲ್ಲಿ ತಿರುಗಿಸಬೇಕು, ಬೆಲ್ಟು ಆ ಸುತ್ತನ್ನು ಲೇತಿಗೆ ಒಯ್ಯುತ್ತದೆ. ಮದುವೆಯಾದ ವರ್ಷದಿಂದ ಆ ಯಾರಾದರೂ ನಾನೇ. ಅವರು ಆ ಕಡೆ ಉಳಿ ಹಿಡಿದು ನಿಲ್ಲುತ್ತಿದ್ದರು, ನಾನು ಈ ಕಡೆ. ಮಾತು ಬೇಕಾಗುತ್ತಿರಲಿಲ್ಲ. ಉಳಿ ಗಟ್ಟಿ ಜಾಗಕ್ಕೆ ತಾಗಿದರೆ ಗಾಲಿಯ ಹಿಡಿಯಲ್ಲೇ ಗೊತ್ತಾಗುತ್ತಿತ್ತು.

ಅವರು ನಿಲ್ಲುತ್ತಿದ್ದ ಕಡೆ ಹಾಸುಗಲ್ಲು ಸವೆದು ತಗ್ಗಾಗಿದೆ. ಅದನ್ನು ಮೆಟ್ಟದೆ ಸುತ್ತಿ ಬಂದೆ.

ತುಂಡು ಬಿಗಿಹಿಡಿಯುವ ವೈಸಿನ ಬಾಯಲ್ಲಿ ಅವರು ಅರ್ಧಕ್ಕೆ ಬಿಟ್ಟ ಹಲ್ಲಿನ ಚಕ್ರ ಹಾಗೇ ಇದೆ. ಕಲ್ಯಾಣದುರ್ಗದ ಮರುಳಸಿದ್ದಪ್ಪನವರ ಕಡ್ಲೆಕಾಯಿ ಸುಲಿಯುವ ಮಿಷಿನ್ನಿನದು. ಅರ್ಧ ಸುತ್ತು ಹಲ್ಲು ಅರದಲ್ಲಿ ಉಜ್ಜಿ ತೆಗೆದಿದ್ದಾರೆ, ಅರ್ಧ ಸುತ್ತು ಬೋಳು.

ಮನೆಗೆ ಬಂದ ಮೇಲೂ ಬಲಗೈ ಸುಮ್ಮನಿರುವುದಿಲ್ಲ. ಹಿಟ್ಟು ನಾದುವಾಗ ಅಗತ್ಯಕ್ಕಿಂತ ಹೆಚ್ಚು ನಾದುತ್ತೇನೆ. ಅತ್ತೆ ಹೇಳಿದರು, ರೊಟ್ಟಿ ಹಿಟ್ಟು ಕಣಮ್ಮ, ಚರ್ಮ ಅಲ್ಲ.

ಆಗಸ್ಟ್ ೧೭, ಶುಕ್ರವಾರ

ಮರುಳಸಿದ್ದಪ್ಪನವರು ಹೇಳಿಕಳಿಸಿದ್ದಾರೆ. ಕಡ್ಲೆಕಾಯಿ ಕಾಲಕ್ಕೆ ಚಕ್ರ ಸಿಕ್ಕೀತೇ, ಇಲ್ಲವಾದರೆ ಬೇರೆ ದಾರಿ ನೋಡಿಕೊಳ್ಳುತ್ತಾರಂತೆ. ಹೊರದೇಶದ ಸೀಮೆ ಮಿಷಿನ್ನು, ಚಕ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಅರ ಹಿಡಿದು ಹಲ್ಲು ತೆಗೆಯುವ ಕೈ ನನಗಿಲ್ಲ. ಹಳೆಯ ತುಂಡೊಂದರ ಮೇಲೆ ಉಜ್ಜಿ ನೋಡಿದೆ. ಇಲಿ ಕಡಿದ ಹಾಗಾಯಿತು.

ಆದರೆ ಅವರಿಗೇ ಅರದ ಕೆಲಸ ಸಾಕಾಗಿತ್ತು. ಯುದ್ಧದ ಕಾಲದಲ್ಲಿ ಬೆಂಗಳೂರಿನ ಕಾರ್ಖಾನೆಯಲ್ಲಿದ್ದಾಗ ಮಿಲ್ಲಿಂಗ್ ಮಿಷಿನ್ ನೋಡಿ ಬಂದಿದ್ದರು. ಆಮೇಲೆ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. "ಲೇತಲ್ಲಿ ತುಂಡು ತಿರುಗ್ತದೆ, ಉಳಿ ನಿಂತಿರ್ತದೆ. ಇದರಲ್ಲಿ ಉಳಿ ತಿರುಗ್ತದೆ, ತುಂಡು ಮೆಲ್ಲಗೆ ಅದರ ಕಡೆ ಹೋಯ್ತದೆ." ರೊಟ್ಟಿಯನ್ನು ತುಂಡು ಮಾಡಿ, ಬೆರಳನ್ನು ಆ ತಿರುಗುವ ಉಳಿ, ಅಂದರೆ ಕಟರ್, ಮಾಡಿ ತೋರಿಸುತ್ತಿದ್ದರು. ಕೊಳ್ಳುವುದಕ್ಕೆಂದು ಕೂಡಿಟ್ಟೂ ಇದ್ದರು.

ಮಲ್ಲಿಕಾರ್ಜುನಪ್ಪನಿಗೆ ಹೇಳಿದೆ. ಮಿಲ್ಲಿಂಗ್ ಮಿಷಿನ್ ತರೋಣ, ಆ ಚಕ್ರ ನಾವೇ ಮಾಡಿಕೊಡೋಣ, ಕಲ್ಯಾಣದುರ್ಗದಲ್ಲಿ ಅದು ಓಡಿದರೆ ಶೆಡ್ಡು ಶೆಡ್ಡಾಗಿಯೇ ಇರಲಿ. ಓಡದಿದ್ದರೆ ಬೆಲ್ಲ ತುಂಬು.

ಅವನು ಕೇಳಿದ. "ನಾವು ಅಂದ್ರೆ ಯಾರು ಅತ್ತಿಗೆ?"

ಗೊತ್ತಿಲ್ಲ ಎಂದೆ.

ಆಗಸ್ಟ್ ೨೨, ಬುಧವಾರ

ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಂದೆವು. ಮಿಲಿಟರಿಯವರು ಬಿಟ್ಟುಹೋದ ಮಿಷಿನ್ನುಗಳನ್ನು ಮಾರುವ ಜಾಗ. ಮಿಲ್ಲಿಂಗ್ ಮಿಷಿನ್ ಇತ್ತು, ಎತ್ತಿನ ಗಾಡಿಯಷ್ಟು ದೊಡ್ಡದು. ಮೋಟಾರಿಲ್ಲದೆ ಅಲ್ಲಾಡುವುದಿಲ್ಲ. ನಮ್ಮ ಬಾಗಿಲಲ್ಲಿ ಅದು ಹಿಡಿಸಬೇಕಾದರೆ ಗೋಡೆ ಒಡೆಯಬೇಕು.

ಅಂಗಡಿಯವನು ಎಲ್ಲವನ್ನೂ ಮಲ್ಲಿಕಾರ್ಜುನಪ್ಪನಿಗೇ ಹೇಳುತ್ತಿದ್ದ. ಇವನು ಬೆಲ್ಲ ನೋಡುವ ಹಾಗೆ ಮಿಷಿನ್ನನ್ನು ಬೆರಳಲ್ಲಿ ತಟ್ಟಿ ನೋಡಿದ. ನಾನು ಬೇಡ ಎಂದೆ.

ಅಂಗಡಿಯವನು ಇನ್ನೊಂದು ಸಣ್ಣದು ತೋರಿಸಿದ, ಲೇತಿನ ಮೇಲೆಯೇ ಕೂರಿಸಿಕೊಳ್ಳುವುದು. ಕೈಯಿಟ್ಟು ಅಲ್ಲಾಡಿಸಿದರೆ ಹಳೇ ಹಲ್ಲಿನ ಹಾಗೆ ಅಲುಗಿತು. ಅದೂ ಬೇಡ ಎಂದೆ.

ರೈಲು ದೊಡ್ಡಬಳ್ಳಾಪುರ ದಾಟುವಾಗ ಸಣ್ಣದನ್ನಾದರೂ ತರಬೇಕಿತ್ತು ಅನ್ನಿಸಿತು. ಇಳಿಯುವಷ್ಟರಲ್ಲಿ ದೊಡ್ಡದು ಅನ್ನಿಸಿತು.

ಆಗಸ್ಟ್ ೨೩, ಗುರುವಾರ

ಸಣ್ಣದೇ ಸಾಕು.

ಆಗಸ್ಟ್ ೨೪, ಶುಕ್ರವಾರ

ಬೇಡ. ಅಲುಗುತ್ತದೆ. ಅವರು ಅದನ್ನು ಮುಟ್ಟುತ್ತಿರಲಿಲ್ಲ.

ಸೆಪ್ಟೆಂಬರ್ ೨, ಭಾನುವಾರ

ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗುವುದೋ ತಿಳಿಯುವುದಿಲ್ಲ. ತೊಳೆದ ಪಾತ್ರೆ ಮತ್ತೆ ತೊಳೆದೆ. ಅತ್ತೆ ಬಾಯಿ ಬಿಟ್ಟು ಅಳುತ್ತಾರೆ, ಆಮೇಲೆ ಹಗುರಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ನನಗೆ ಅದು ಬರುವುದಿಲ್ಲ.

ಮಲ್ಲಿಕಾರ್ಜುನಪ್ಪ ಕಲ್ಯಾಣದುರ್ಗದಿಂದ ಸುದ್ದಿ ತಂದಿದ್ದಾನೆ. ಮರುಳಸಿದ್ದಪ್ಪನವರು ಮೇ ತಿಂಗಳಲ್ಲಿ ಪಕ್ಕದ ಹತ್ತಿ ಬಿಡಿಸುವ ಜಿನ್ನು ಕಾರ್ಖಾನೆಯನ್ನು ಕೊಂಡರಂತೆ. ಎಷ್ಟೋ ವರ್ಷದಿಂದ ಮುಚ್ಚಿದ್ದ ಜಿನ್ನು. ಹಿಂದಿನ ಕೋಣೆಯ ಬೀಗ ಒಡೆದರೆ ಗೋಣಿಚೀಲಗಳ ಕೆಳಗೆ ಒಂದು ಮಿಲ್ಲಿಂಗ್ ಮಿಷಿನ್ನು. ಮೇಜನ್ನು ಕೈಯಲ್ಲಿ ಸರಿಸುವುದಂತೆ, ಬೆಲ್ಟಿನಲ್ಲಿ ಓಡುವುದಂತೆ. ಆಳೆತ್ತರ ಇಲ್ಲವಂತೆ.

ಮೇ ತಿಂಗಳು. ಒಂದು ತಿಂಗಳು ಮೊದಲು ಆಗಿದ್ದರೆ, ಅವರಿದ್ದರು.

ಸೆಪ್ಟೆಂಬರ್ ೧೧, ಮಂಗಳವಾರ. ಕಲ್ಯಾಣದುರ್ಗ

ನಿನ್ನೆ ಬಂದೆವು. ಬರೆಯುವುದು ಬಹಳ ಇದೆ.

ಮಿಷಿನ್ನನ್ನು ನೋಡಿದ ಕೂಡಲೆ ಇದೇ ಅನ್ನಿಸಿತು. ನನ್ನ ಸೊಂಟದೆತ್ತರಕ್ಕೆ ಅದರ ಮೇಜು. ಹಿಡಿ ತಿರುಗಿಸಿದರೆ ಮೇಜು ತುಕ್ಕಿನ ಸದ್ದು ಮಾಡಿದರೂ ಸರಿಯಿತು. ಕಟರ್‌ಗಳು ಒಂದು ಡಬ್ಬಿಯಲ್ಲಿ ಗ್ರೀಸಿನೊಳಗೆ ಹೂತಿದ್ದವು, ಒಂದಕ್ಕೂ ಮುಕ್ಕಾಗಿಲ್ಲ. ಚಕ್ರ ಹಿಡಿದುಕೊಳ್ಳುವ ತಲೆಯೂ ಇತ್ತು, ಡಿವೈಡಿಂಗ್ ಹೆಡ್ ಎನ್ನುತ್ತಿದ್ದರು ಅವರು. ಹಲ್ಲು ತೆಗೆಯುವುದಕ್ಕೆ ಅದೇ ಮುಖ್ಯ. ಅದಕ್ಕೊಂದು ಹಿಡಿ, ಹಿಡಿಯ ತುದಿಗೊಂದು ಮೊಳೆ. ಹಿಡಿಯ ಹಿಂದೆ ತೂತು ತೂತಿನ ತಟ್ಟೆಯೊಂದಿರುತ್ತದೆ. ಲೆಕ್ಕದ ತೂತಿಗೆ ಮೊಳೆ ಕೂರಿಸಿದರೆ ಚಕ್ರ ಅಷ್ಟೇ ತಿರುಗಿ ನಿಲ್ಲುತ್ತದೆ, ಆಗ ಒಂದು ಹಲ್ಲು ತೆಗೆಯುವುದು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದು ತೋರಿಸಿದ್ದರೋ.

ತಟ್ಟೆ ಇರಲಿಲ್ಲ. ಹಿಡಿ ತಿರುಗಿಸಿದೆ, ಮೊಳೆ ಗಾಳಿಗೆ ಚುಚ್ಚಿತು.

ಮರುಳಸಿದ್ದಪ್ಪನವರು, "ಇದ್ದಿದ್ದೆಲ್ಲ ಇಷ್ಟೇ ಕಣಮ್ಮ. ಗೋಣಿ ಒದರಿ ಒದರಿ ನೋಡಿವಿ," ಎಂದರು. ತಟ್ಟೆಯಿಲ್ಲದೆ ಅದು ಬರೀ ಕಬ್ಬಿಣ. ಮತ್ತೆ ಬೆಂಗಳೂರಿನ ದೊಡ್ಡದೇ ಗತಿಯೇನೋ ಎಂದು ಮಲ್ಲಿಕಾರ್ಜುನಪ್ಪ ಶುರುಮಾಡಿದ.

ಇವತ್ತು ಅವರ ಮೊಮ್ಮಗುವಿಗೆ ಹೆಸರಿಡುವ ದಿನ. ತೊಟ್ಟಿಲ ಹತ್ತಿರ ನಾನು ಹೋಗುವುದು ಸರಿಯಲ್ಲ, ಅವರು ಹೋಗಿ ವರ್ಷ ತುಂಬಿಲ್ಲ. ಯಾರೂ ಹೇಳಲಿಲ್ಲ, ನಾನೇ ಹಿತ್ತಲಿಗೆ ಹೋದೆ. ಅಲ್ಲಿ ಲಾಡು ಕಟ್ಟಲು ಬೂಂದಿ ಕರಿಯುತ್ತಿದ್ದರು. ಕರಿಯುವವಳು ಎರ್ರಮ್ಮ, ಜಿನ್ನಿನ ಹಳೇ ಕಾವಲುಗಾರ ಕದಿರಣ್ಣನ ಹೆಂಡತಿ. ಬಾಣಲೆಯ ಮೇಲೆ ದಪ್ಪನೆಯ ತೂತಿನ ಸೌಟು ಹಿಡಿದು ಹಿಟ್ಟು ಹಾಕಿ ತಟ್ಟುತ್ತಿದ್ದಳು. ಸಾಸಿವೆಗಿಂತ ಸ್ವಲ್ಪ ದಪ್ಪ, ಒಂದೇ ಸಮ ಕಾಳು. ನೋಡುತ್ತಾ ನಿಂತೆ. ಸೌಟಿನ ತೂತುಗಳು ಒಂದರ ಸುತ್ತ ಒಂದು ಸುತ್ತಾಗಿದ್ದವು. ಅಂಥ ಸೌಟನ್ನು ಯಾರೂ ಮಾಡುವುದಿಲ್ಲ.

"ಏಮಮ್ಮಾ, ಹಂಗೆ ನೋಡ್ತೀಯ? ದಿಷ್ಟಿ ಆಯ್ತದೆ ನನ್ ಬೂಂದಿಗೆ."

"ಆ ಸೌಟು ಒಂಚೂರು ತೋರಿಸವ್ವ."

"ತೋರ್ಸೋಗಂಟ ಎಣ್ಣೆ ಕಾಯ್ಕಂಡು ಕೂತಿರ್ತದಾ? ತಡಿ, ಈ ಒಬ್ಬೆ ಆಗ್ಲಿ."

ಆಯಿತು. ಸೆರಗಿನಲ್ಲಿ ಒರೆಸಿದೆ. ಒಂದೊಂದು ಸುತ್ತಿನ ಪಕ್ಕ ಸಣ್ಣ ಅಂಕಿ ಒತ್ತಿದ್ದರು. ಹದಿನೈದು, ಹದಿನಾರು, ಹಾಗೆ ಇಪ್ಪತ್ತರವರೆಗೆ. ನಡುವಿನ ತೂತಿಗೆ ಹಿಡಿ ಹಾಕಿ ರಿವಿಟ್ ಹೊಡೆದಿದ್ದರು. ಕಾಣೆಯಾದ ತಟ್ಟೆ ಇದೇ.

ಮರುಳಸಿದ್ದಪ್ಪನವರು ಕದಿರಣ್ಣನನ್ನು ಕರೆಸಿದರು. "ಗೋಡೆ ಮ್ಯಾಲೆ ಮೊಳೆಗೆ ನೇತಾಕಿದ್ರಮ್ಮ. ನಾನು ಯಾವ್ದೋ ದೇವ್ರ ಚಕ್ರ ಅನ್ಕಂಡೆ. ಈವಮ್ಮ ಬಂದು, ಅಯ್ಯೋ ಮಂಕೆ, ಇದು ಬೂಂದಿ ಸೌಟು, ಗರಿಟೆ, ಹಿಡಿ ಮುರ್ದೋಗದೆ ಅಂದ್ಲು. ಹಿಡಿ ಹಾಕ್ಕೊಟ್ಟೆ. ಹೊರಗ್ಲ ಸುತ್ತು ಒಂದು ನಾನೇ ಉಳಿ ಹೊಡ್ದು ದೊಡ್ಡದು ಮಾಡಿವ್ನಿ."

ಮಲ್ಲಿಕಾರ್ಜುನಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಷ್ಟು ಮದುವೆ ಎಣ್ಣೆ ಕುಡ್ದದೆ ನೋಡಿ ಅತ್ತಿಗೆ. ತುಕ್ಕು ಹತ್ರ ಬಂದಿಲ್ಲ," ಎಂದ.

ಮರುಳಸಿದ್ದಪ್ಪನವರು ಕೊಟ್ಟುಬಿಡೇ, ಅಂಗಡಿಯಲ್ಲಿ ಹೊಸದು ತೆಕ್ಕೊಡ್ತೀನಿ ಎಂದರು.

"ಅಂಗಡಿ ಗರಿಟೇಲಿ ಬೂಂದಿ ಆಗಲ್ಲ ದಣಿ, ಗೋಲಿ ಆಯ್ತದೆ. ಈ ಊರಾಗೆ ನನ್ ಬೂಂದಿ ಇಲ್ದೆ ಒಂದು ಮದುವೆ ಆಗಿಲ್ಲ. ನಾ ಗರಿಟೆ ನೇನು ಇವ್ವನು. ನಾ ಕೊಡಲ್ಲ."

ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದಣಿಗಳು ಕಣ್ಣು ಬಿಟ್ಟರು. ಕಿತ್ತುಕೊಳ್ಳುವುದೊಂದೇ ಬಾಕಿ. ಅದು ನನಗೆ ಬೇಡವಾಗಿತ್ತು.

"ಇದೇ ಬೂಂದಿ ಬರೋ ಸೌಟು ನಾನು ಮಾಡ್ಕೊಡ್ತೀನಿ. ಬಂದ್ರೆ ಕೊಡು. ಬರ್ದಿದ್ರೆ ಬ್ಯಾಡ."

ಎರ್ರಮ್ಮ ನನ್ನ ಕೈ ನೋಡಿದಳು. "ತೂಕ ಮಾತ್ರ ತಗ್ಗಿರ್ಲಿ. ಇದನ್ನ ಹಿಡ್ದೂ ಹಿಡ್ದೂ ನನ್ ರಟ್ಟೆ ಬಿದ್ದೋಗದೆ."

ಮಾಡ್ಕೊಡ್ತೀನಿ ಎಂದವಳು ನಾನೇ. ಬಸ್ಸಿನ ಹತ್ತಿರ ಬಂದ ಮೇಲೆ ಅದು ನನಗೆ ಸರಿಯಾಗಿ ಕೇಳಿಸಿತು.

ಸೆಪ್ಟೆಂಬರ್ ೧೯, ಬುಧವಾರ. ಹಿಂದೂಪುರ

ಮಿಷಿನ್ನು ಲಾರಿಯಲ್ಲಿ ಬಂತು. ಅದರ ದುಡ್ಡಿನ ಮಾತನ್ನೆಲ್ಲ ಗಂಡಸರು ಮುಗಿಸಿಕೊಂಡಿದ್ದಾರೆ. ಮಂಡಿಯ ಹಮಾಲಿಗಳು ಸೌದೆಯ ಉರುಳೆ ಕೊಟ್ಟು ಒಳಗೆ ತಳ್ಳಿದರು. ಗಾಲಿಯ ಬೆಲ್ಟು ಮುಟ್ಟಬೇಕಾದರೆ ಲೇತಿನ ಪಕ್ಕವೇ ಇರಬೇಕು, ಬೇರೆ ಕಡೆ ಆಗುವುದಿಲ್ಲ. ಅವರು ನಿಂತು ಸವೆದ ಕಲ್ಲು ಸರಿಯಾಗಿ ಅದರ ಮುಂದೆ ಬಂದಿದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಇದಕ್ಕಾ ಅವ್ನು ಅಷ್ಟು ಬಡ್ಕಂತಿದ್ದಿದ್ದು," ಎಂದರು. ಒಳಗೆ ಬರಲಿಲ್ಲ.

ಸೆಪ್ಟೆಂಬರ್ ೨೦, ಗುರುವಾರ

ಸೌಟಿಗೆ ಹಿತ್ತಾಳೆ ಬೇಕು. ಕೇಳುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಅತ್ತೆ ಅಟ್ಟದಿಂದ ತಮ್ಮ ಹಳೇ ಹಿತ್ತಾಳೆ ತಟ್ಟೆ ಇಳಿಸಿ, "ಅಂಚು ಸೀಳಿದೆ, ಊಟಕ್ಕೆ ಬರಲ್ಲ," ಎಂದು ನನ್ನ ಮುಂದೆ ಇಟ್ಟು ಹೋದರು. ಸೀಳಿರಲಿಲ್ಲ.

ಸೆಪ್ಟೆಂಬರ್ ೨೧, ಶುಕ್ರವಾರ

ಹಿತ್ತಾಳೆ ತಟ್ಟೆ ಹಿಡಿಯುವುದಕ್ಕೆ ವೈಸು ಬೇಕು. ಅದರಲ್ಲಿದ್ದ ಅವರ ಚಕ್ರ ಬಿಚ್ಚಿದೆ.

ಸೆಪ್ಟೆಂಬರ್ ೨೪, ಸೋಮವಾರ

ಕಲ್ಯಾಣದುರ್ಗದಲ್ಲಿ ಎರ್ರಮ್ಮನ ಸೌಟಿಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿಕೊಂಡು ಬಂದಿದ್ದೆ. ಅದನ್ನು ಹಿತ್ತಾಳೆಯ ಮೇಲೆ ಅಂಟಿಸಿ, ಒಂದೊಂದು ಚುಕ್ಕೆಗೂ ಗುರುತು ಹೊಡೆದು, ಕೈ ಡ್ರಿಲ್ಲಿನಲ್ಲಿ ತೂತು ತೆಗೆದೆ. ಎರಡು ದಿನ ಹಿಡಿಯಿತು. ಅಷ್ಟು ಹೊತ್ತು ಏನನ್ನೂ ಯೋಚಿಸಲಿಲ್ಲ ಎಂದು ಈಗ ನೆನಪಾಯಿತು.

ಬೂಂದಿ ಬರುತ್ತದೋ ಇಲ್ಲವೋ ನೋಡಬೇಕು. ನಮ್ಮ ಮನೆಯಲ್ಲಿ ವರ್ಷ ತುಂಬುವವರೆಗೆ ಬಾಣಲೆ ಇಡುವ ಹಾಗಿಲ್ಲ. ಅತ್ತೆಯನ್ನು ಕೇಳಲು ಬಾಯಿ ಬರಲಿಲ್ಲ. ಅಕ್ಕಪಕ್ಕದ ಮನೆಗೆ ಹೋದರೆ ಅವರೇನೆಂದಾರು. ಅಂಗಳದಲ್ಲಿ ಸೌಟು ಹಿಡಿದು ಆಚೆ ಈಚೆ ತಿರುಗುತ್ತಿದ್ದೆ.

ಸೆಪ್ಟೆಂಬರ್ ೨೫, ಮಂಗಳವಾರ

ಬೆಳಿಗ್ಗೆ ಅತ್ತೆಯೇ ಕೇಳಿದರು. "ಏನೇ, ಸೌಟು ಹಿಡ್ಕಂಡು ಮೆರವಣಿಗೆ ಹೊಂಟಂಗೆ ತಿರುಗ್ತಿದ್ದೀಯ?"

ಹೇಳಿದೆ. ಅವರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು.

"ಅಡಿಗೆ ಒಲೆ ಮ್ಯಾಲೆ ಇಡಂಗಿಲ್ಲ ಅಂತ ತಾನೆ ಇರೋದು. ಶೆಡ್ಡಾಗೆ ಕುಲುಮೆ ಐತಲ್ಲ. ಅದು ಒಲೆ ಅಲ್ಲ, ಕುಲುಮೆ."

"ಅತ್ತೆ, ಸಿಹಿ..."

"ಸಿಹಿ ಯಾರು ಮಾಡು ಅಂದ್ರು? ಉಪ್ಪು ಖಾರ ಹಾಕು."

ಅವರೇ ಕಡ್ಲೆಹಿಟ್ಟು ಕಲಸಿದರು. ಏಪ್ರಿಲ್ ಆದ ಮೇಲೆ ಇವತ್ತೇ ಅವರು ಶೆಡ್ಡಿನೊಳಗೆ ಬಂದದ್ದು. ತಿದಿ ನಾನು ಒತ್ತಿದೆ. ಉಳಿ ಕಾಯಿಸುವ ಕೆಂಡದ ಮೇಲೆ ಬಾಣಲೆ. ಸೌಟಿನಿಂದ ಹಿಟ್ಟು ಇಳಿಯಿತು, ಆದರೆ ಒಂದೊಂದು ಕಾಳಿಗೂ ಬಾಲ.

"ಬೂಂದಿ ಅಲ್ಲ ಕಣಮ್ಮ ಇದು, ಗೊದಮೊಟ್ಟೆ ಮರಿ." ಅತ್ತೆಗೆ ನಗು ತಡೆಯಲಾಗಲಿಲ್ಲ, ಕೆಮ್ಮು ಬಂತು. ಗೊದಮೊಟ್ಟೆಗಳನ್ನೇ ಇಬ್ಬರೂ ತಿಂದೆವು. ಖಾರ ಹೆಚ್ಚಾಗಿತ್ತು.

ಸೆಪ್ಟೆಂಬರ್ ೨೭, ಗುರುವಾರ

ತೂತಿನ ಅಂಚಿನಲ್ಲಿ ಹಿತ್ತಾಳೆಯ ಸಿಬಿರು ಉಳಿದಿತ್ತು, ಬಾಲ ಅದರಿಂದಲೇ. ದಪ್ಪ ಡ್ರಿಲ್ಲಿನ ಮೂತಿ ಇಟ್ಟು ಒಂದೊಂದನ್ನೂ ಎರಡೂ ಕಡೆ ನುಣುಪು ಮಾಡಿದೆ. ಸಾಯಂಕಾಲ ಮತ್ತೆ ಕುಲುಮೆ. ಕಾಳು ದುಂಡಗೆ ಬಿತ್ತು. ಮಲ್ಲಿಕಾರ್ಜುನಪ್ಪ ಮಂಡಿಯಿಂದ ಬಂದವನು ಬಾಗಿಲಲ್ಲೇ ಮೂಸಿ, "ಇದೇನು, ವರ್ಕ್‌ಶಾಪೋ ಹೋಟ್ಲೋ?" ಎಂದ. ಎರಡು ಹಿಡಿ ತಿಂದ.

ಅಕ್ಟೋಬರ್ ೪, ಗುರುವಾರ

ಎರ್ರಮ್ಮನೇ ಬಂದಳು, ಕದಿರಣ್ಣನ ಜೊತೆ, ಹಳೇ ಸೌಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ಬೇರೆಯವರ ಕೈಯಲ್ಲಿ ಕಳಿಸಲು ನಂಬಿಕೆಯಿಲ್ಲವಂತೆ. ಕುಲುಮೆ ನೋಡಿ, "ಇಕ್ಕಡಾ?" ಎಂದಳು. ಅತ್ತೆ ಇಲ್ಲೇ ಎಂದರು. ಮರುಮಾತಾಡದೆ ಸೆರಗು ಕಟ್ಟಿ ಕೂತಳು.

ಒಂದು ಒಬ್ಬೆ ಹಳೇ ಸೌಟಿನಲ್ಲಿ ಕರಿದಳು, ಒಂದು ಒಬ್ಬೆ ಹೊಸದರಲ್ಲಿ. ಎರಡನ್ನೂ ಬೇರೆ ಬೇರೆ ಎಲೆಯ ಮೇಲೆ ಹರಡಿ ಬಗ್ಗಿ ನೋಡಿದಳು. ಕದಿರಣ್ಣ ಎರಡೂ ಒಂದೇ ಅಂದರೆ, "ನಿಂಗೆ ಬೂಂದಿಗೂ ಮೆಣಸಿಗೂ ವ್ಯತ್ಯಾಸ ಗೊತ್ತಾ, ಸುಮ್ನಿರು," ಎಂದಳು. ಹೊಸದನ್ನು ಕೈಯಲ್ಲಿ ತೂಗಿ ನೋಡಿದಳು. ಹಳೆಯದನ್ನೂ ತೂಗಿ ನೋಡಿದಳು. ಎರಡನ್ನೂ ಹಿಡಿದೇ ಕೂತಳು. ನಾನು ಕುಲುಮೆಯ ಕೆಂಡ ಸರಿಮಾಡಿದೆ. ಒಂದು ವಸ್ತುವನ್ನು ಅಷ್ಟು ವರ್ಷ ಹಿಡಿದ ಕೈಯನ್ನು ಅವಸರ ಮಾಡಬಾರದು.

ಆಮೇಲೆ ಹಳೆಯದನ್ನು ನನ್ನ ಮಡಿಲಲ್ಲಿ ಇಟ್ಟಳು. "ತೊಳ್ಕ. ತೂತಿನಾಗೆಲ್ಲ ಎಣ್ಣೆ ಗಟ್ಟಿ ಕೂತದೆ, ಬಿಸಿ ಬೂದಿ ನೀರಾಗೆ ತೊಳ್ಕ."

ಹೋಗುವಾಗ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ಕೇಳಿದೆ. "ನಿನ್ ಸೊಸೆ ಕೈ ಗಂಡಸಿನ ಕೈ ಅಂದ್ಲು. ಅಲ್ಲ ಕಣೆ, ಗಾಲಿ ಹಿಡ್ದ ಕೈ ಅಂದೆ," ಎಂದರು.

ಅಕ್ಟೋಬರ್ ೯, ಮಂಗಳವಾರ

ಊರಲ್ಲೆಲ್ಲ ಆಯುಧಪೂಜೆ. ನಮ್ಮಲ್ಲಿ ಈ ವರ್ಷ ಹಬ್ಬ ಇಲ್ಲ. ನಾನು ನೀರು ತರಲು ಹೋದಾಗ ಅತ್ತೆ ಮಿಷಿನ್ನಿಗೆ ವಿಭೂತಿ ಎಳೆದಿದ್ದಾರೆ. ಹೂವಿಲ್ಲ. ಲೇತಿಗೂ ಎಳೆದಿದ್ದಾರೆ, ಗಾಲಿಯ ಹಿಡಿಗೂ.

ಸೌಟಿನ ಹಿಡಿ ತೆಗೆದು ತಟ್ಟೆ ಕೂರಿಸಿದೆ. ಮೊಳೆ ತೂತಿಗೆ ಕೂತಾಗ ಟಿಕ್ ಎನ್ನುತ್ತದೆ. ಎಷ್ಟು ತೊಳೆದರೂ ಕಡ್ಲೆಹಿಟ್ಟಿನ ವಾಸನೆ ಹೋಗಿಲ್ಲ.

ಅಕ್ಟೋಬರ್ ೧೫, ಸೋಮವಾರ

ಕೆಟ್ಟಿತು.

ಹಲ್ಲು ತೆಗೆಯುವುದಕ್ಕೆ ಅವರು ಕಡೆದಿಟ್ಟ ಬೋಳು ಚಕ್ರಗಳು ಎರಡೇ ಇದ್ದವು. ಒಂದನ್ನು ಹಾಳು ಮಾಡಿದೆವು.

ಗಾಲಿ ತಿರುಗಿಸಲು ಮಲ್ಲಿಕಾರ್ಜುನಪ್ಪನೇ ಬಂದಿದ್ದ. ಹಮಾಲಿಯನ್ನು ಕಳಿಸುತ್ತೇನೆಂದವನು ಅಂಗಿ ಬಿಚ್ಚಿ ತಾನೇ ನಿಂತ. ಬಾಗಿಲ ಮೇಲೆ ಬರೆದಿದ್ದ ಲೆಕ್ಕ ಹಾಗೇ ಇದೆ. ಹಿಡಿ ನಲವತ್ತು ಸುತ್ತು ಬಂದರೆ ಚಕ್ರ ಒಂದು ಸುತ್ತು. ನಮಗೆ ಬೇಕಾದ್ದು ಮೂವತ್ತಾರು ಹಲ್ಲು. ಅಂದರೆ ಪ್ರತಿ ಹಲ್ಲಿಗೂ ಹಿಡಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಹದಿನೆಂಟು ತೂತಿನ ಸುತ್ತಿನಲ್ಲಿ ಇನ್ನೆರಡು ತೂತು ಮುಂದೆ ಹೋಗಬೇಕು.

"ಎಣಿಕೆ ನಂದು ಅತ್ತಿಗೆ. ನೀವು ಕೈ ನೋಡ್ಕಳಿ. ಇಪ್ಪತ್ತು ವರ್ಷದಿಂದ ಬೆಲ್ಲ ಎಣ್ಸಿವ್ನಿ, ಒಂದಚ್ಚು ತಪ್ಪಿಲ್ಲ."

ಗಾಲಿ ನಿಲ್ಲಿಸಿದಾಗಲೆಲ್ಲ ಬಂದು ಮಂಡಿಯ ರಾಗದಲ್ಲಿ ಎಣಿಸುತ್ತಿದ್ದ. ನಾನು ಅವನು ಹೇಳಿದ ತೂತಿಗೆ ಮೊಳೆ ಕೂರಿಸುತ್ತಿದ್ದೆ. ಹಲ್ಲುಗಳು ಒಂದಾದ ಮೇಲೊಂದು ಹೊಳೆಯುತ್ತಾ ಬಂದವು.  ಕೊನೆಗೆ ನೋಡಿದರೆ ಮೊದಲ ಹಲ್ಲಿಗೂ ಕೊನೆಯ ಹಲ್ಲಿಗೂ ನಡುವೆ ಮೂರು ಹಲ್ಲಿನಷ್ಟು ದಪ್ಪ ಕಬ್ಬಿಣ ಉಳಿದಿದೆ.

ತಟ್ಟೆ ಕೆಟ್ಟಿದೆ ಎಂದ. ಕದಿರಣ್ಣನ ಉಳಿ ಎಂದ. ಕದಿರಣ್ಣ ಮುಟ್ಟಿದ್ದು ಹೊರಗಿನ ಸುತ್ತನ್ನು, ನಾವು ಹಿಡಿದದ್ದು ಒಳಗಿನದನ್ನು. ಮತ್ತೆ ಎಣಿಸು ಎಂದೆ. ಮೊಳೆ ಇದ್ದ ತೂತಿನ ಮೇಲೆ ಬೆರಳಿಟ್ಟು "ಲಾಭ" ಎಂದ. ಮುಂದಿನದರ ಮೇಲೆ ಇಟ್ಟು "ಎರಡು" ಎಂದ.

ಮಂಡಿಯಲ್ಲಿ ಯಾರೂ ಒಂದು ಎನ್ನುವುದಿಲ್ಲ. ಮೊದಲ ಅಚ್ಚಿಗೆ ಲಾಭ ಎಂದೇ ಎಣಿಕೆ ಶುರು, ಆಮೇಲೆ ಎರಡು, ಮೂರು. ಬೆಲ್ಲಕ್ಕೆ ಅದು ಸರಿ, ಮೊದಲ ಅಚ್ಚೂ ಅಚ್ಚೇ. ಆದರೆ ಮೊಳೆ ನಿಂತಿರುವ ತೂತು ಲೆಕ್ಕಕ್ಕಿಲ್ಲ, ಅಲ್ಲಿಂದ ಹೊರಡಬೇಕಷ್ಟೆ. ಪ್ರತಿ ಸಲವೂ ಒಂದು ತೂತು ಕಡಿಮೆ ಹೋಗಿದ್ದೇವೆ.

ಅವನು ಗೋಡೆಗೊರಗಿ ಕೂತುಬಿಟ್ಟ. "ಅಣ್ಣ ಕಡೆದಿಟ್ಟಿದ್ದು," ಎಂದ. ಅಷ್ಟೇ ಹೇಳಿದ. ಅಂಗಿ ಹೆಗಲ ಮೇಲೆ ಹಾಕಿಕೊಂಡು ಹೋದ.

ಬೆನ್ನು ನೋಯುತ್ತಿದೆ. ಆ ಸವೆದ ಕಲ್ಲು ಮೆಟ್ಟದೆ, ಪಕ್ಕದಲ್ಲಿ ನಿಂತು ಕೈ ಚಾಚಿ ಕೆಲಸ ಮಾಡಿದೆ. ಹಾಗ್ಯಾಕೆ ಓರೆಯಾಗಿ ನಿಲ್ತೀರಿ ಎಂದು ಅವನು ನಡುವೆ ಕೇಳಿದ್ದ.

ಅಕ್ಟೋಬರ್ ೧೭, ಬುಧವಾರ

ಉಳಿದಿರುವುದು ಒಂದು.

ಅಕ್ಟೋಬರ್ ೧೮, ಗುರುವಾರ

ಅವನು ಬರಲಿಲ್ಲ. ಮಂಡಿಯಲ್ಲಿದ್ದಾನೆ, ಊಟಕ್ಕೂ ಬರುತ್ತಿಲ್ಲ. ಹಮಾಲಿಯೊಬ್ಬನನ್ನು ಕರೆದು ಗಾಲಿ ಕೊಟ್ಟು ನೋಡಿದೆ. ಎಳೆದು ಎಳೆದು ತಿರುಗಿಸುತ್ತಾನೆ, ಕಟರ್ ಕಚ್ಚಿಕೊಳ್ಳುತ್ತದೆ. ಕಳಿಸಿಬಿಟ್ಟೆ. ಒಬ್ಬಳೇ ಎರಡು ಕಡೆ ನಿಲ್ಲಲು ಆಗುವುದಿಲ್ಲ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಎಂದು ಓಡಾಡಿ ನೋಡಿದೆ. ಆಗಲಿಲ್ಲ.

ದೀಪಾವಳಿ ಹತ್ತಿರ ಬಂತು. ಚಿಲಮತ್ತೂರಿನ ಕಡೆಯಿಂದ ಬೆಲ್ಲದ ಗಾಡಿಗಳು ಆಗಲೇ ಶುರುವಾಗಿವೆ ಎಂದು ಅತ್ತೆ ಹೇಳಿದರು. ಶೆಡ್ಡಿನ ಮೂಲೆ ಮೂಲೆ ನೋಡಿಕೊಂಡು ಬಂದೆ, ಎಲ್ಲೆಲ್ಲಿ ಎಷ್ಟು ಅಚ್ಚು ಹಿಡಿಸುತ್ತದೆ ಎಂದು. ಬಹಳ ಹಿಡಿಸುತ್ತದೆ.

ಅಕ್ಟೋಬರ್ ೨೧, ಭಾನುವಾರ

ಅತ್ತೆಯೇ ಮಂಡಿಗೆ ಹೋಗಿ ಬಂದರು. ಅಲ್ಲಿ ಏನಾಯಿತೆಂದು ಹೇಳಲಿಲ್ಲ. "ನಾಳೆ ಬತ್ತಾನೆ. ಬಂದ ಮ್ಯಾಲೆ ಬಾಯಿ ಮುಚ್ಕಂಡಿರು ಅಂದಿವ್ನಿ. ಎಣಿಕೆ ನೀನು ಮಾಡು. ಗಟ್ಟಿಯಾಗಿ ಮಾಡು, ಅವನಿಗೂ ಕೇಳಿಸ್ಲಿ, ನನಗೂ ಕೇಳಿಸ್ಲಿ."

ಅಕ್ಟೋಬರ್ ೨೨, ಸೋಮವಾರ

ಬೆಳಿಗ್ಗೆ ಶುರುಮಾಡಿ ದೀಪ ಹಚ್ಚುವ ಹೊತ್ತಿಗೆ ಮುಗಿಸಿದೆವು.

ಮೊಳೆ ಇದ್ದ ತೂತಿಗೆ ನಾನು "ಸೊನ್ನೆ" ಎಂದೆ. ಮೊದಲ ಸಲ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಆ ಶೆಡ್ಡಿನಲ್ಲಿ ನಾನು ಗಟ್ಟಿಯಾಗಿ ಮಾತಾಡಿದ್ದೇ ಕಡಿಮೆ. ಆಮೇಲೆ ಮರೆತುಹೋಯಿತು. ಒಂದು ಸುತ್ತು, ಸೊನ್ನೆ, ಒಂದು, ಎರಡು, ಟಿಕ್. ಗಾಲಿ. ಮೇಜು ಸರಿಸು. ನಿಲ್ಲಿಸು. ಒಂದು ಸುತ್ತು.

ಮಲ್ಲಿಕಾರ್ಜುನಪ್ಪ ಮೊದಮೊದಲು ಜೋರಾಗಿ ತಿರುಗಿಸುತ್ತಿದ್ದ. ಹಿಡಿ ಏನು ಹೇಳುತ್ತದೋ ಅದನ್ನು ಕೇಳು, ಭಾರವಾದರೆ ಕಟರ್ ಕಚ್ಚುತ್ತಿದೆ ಎಂದರ್ಥ, ತಳ್ಳಬೇಡ, ಸಮನಾಗಿ ಹಿಡಿ ಎಂದೆ. ಊಟದ ಹೊತ್ತಿಗೆ ಅವನಿಗೆ ಸಿಕ್ಕಿತು. ಕಚ್ಚುವ ಮೊದಲೇ ಕೈ ಸಡಿಲಿಸುತ್ತಿದ್ದ.

"ಅತ್ತಿಗೆ, ಇಷ್ಟು ವರ್ಷ ಇದನ್ನ ನೀವು ತಿರುಗಿಸಿದ್ರಾ? ನಾನು ಅಣ್ಣಂದೇ ಕೆಲ್ಸ ಅನ್ಕಂಡಿದ್ದೆ."

ಅತ್ತೆ ಬಾಗಿಲಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದವರು, "ಬಾಯಿ ಮುಚ್ಚು ಅಂದಿದ್ನಲ್ಲೋ," ಎಂದರು.

ಕೊನೆಯ ಹಲ್ಲು ತೆಗೆದ ಮೇಲೆ ಇನ್ನೊಂದು ಸಲ ಹಿಡಿ ತಿರುಗಿಸಿ ಎರಡು ತೂತು ಹೋದೆ. ಕಟರ್ ಮೊದಲ ಹಲ್ಲಿನ ಸಂದಿಗೆ ಸರಿಯಾಗಿ ಎದುರಾಗಿ ನಿಂತಿತು. ಮೂವರೂ ಬಗ್ಗಿ ನೋಡಿದೆವು. 

ಅಕ್ಟೋಬರ್ ೨೫, ಗುರುವಾರ

ಚಕ್ರ ಬಸ್ಸಿನಲ್ಲಿ ಹೋಯಿತು, ಮಲ್ಲಿಕಾರ್ಜುನಪ್ಪನ ತೊಡೆಯ ಮೇಲೆ. ನಾನೂ ಹೋಗಬಹುದಿತ್ತು. ಹೋಗಲಿಲ್ಲ. ಓಡದಿದ್ದರೆ ಅಲ್ಲೇ ನಿಂತು ನೋಡುವುದು ನನ್ನಿಂದ ಆಗುವುದಿಲ್ಲ.

ಅಕ್ಟೋಬರ್ ೨೬, ಶುಕ್ರವಾರ

ಬಸ್ಸಿನ ಹೊತ್ತಿಗೆ ಬೀದಿಗೆ ಹೋದೆ. ಅವನು ಬರಲಿಲ್ಲ. ಬಂದು ಅಡಿಗೆಮನೆ ಸಾರಿಸಿದೆ. ಮತ್ತೆ ಹೋದೆ.

ಅಕ್ಟೋಬರ್ ೨೭, ಶನಿವಾರ

ಬಂದ. ದೂರದಿಂದಲೇ ಅವನ ಕೈ ನೋಡಿದೆ. ತೊಡೆಯ ಮೇಲಿದ್ದ ಗಂಟಿನಷ್ಟೇ ದೊಡ್ಡ ಗಂಟು ಕೈಯಲ್ಲಿತ್ತು. ವಾಪಸ್ ಬಂದಿದೆ ಎಂದುಕೊಂಡೆ. 

ಗಂಟನ್ನು ಜಗಲಿಯ ಮೇಲಿಟ್ಟು ಬಿಚ್ಚಿದ. ಬೇರೆ ಚಕ್ರ. ಹಲ್ಲು ಮುರಿದ ಹಳೆಯದು.

"ನಮ್ದು ಎರಡು ದಿನದಿಂದ ಓಡ್ತಾ ಐತೆ. ಇದು ಆ ಮಿಷಿನ್ನಿಂದೇ ಇನ್ನೊಂದು. ಇದೂ ಮಾಡ್ಕೊಡ್ಲಿ ಅಂದ್ರು ದಣಿಗಳು. ಪಕ್ಕದೂರಿನ ಮಿಲ್ಲಿನೋರೂ ಕೇಳಿದ್ರು. ಇದು ಎರ್ರಮ್ಮ ಕೊಟ್ಟಿದ್ದು." ಇನ್ನೊಂದು ಸಣ್ಣ ಪೊಟ್ಟಣ. ಖಾರದ ಬೂಂದಿ. ಸಿಹಿ ಕಳಿಸಿಲ್ಲ, ಅವಳಿಗೆ ನೆನಪಿತ್ತು.

ಬೆಲ್ಲಕ್ಕೆ ಏನು ಮಾಡುತ್ತೀಯ ಎಂದು ಕೇಳಿದೆ. ಮಂಡಿಯ ಹಿಂದೆ ಚಪ್ಪರ ಹಾಕಿಸಲು ಹೇಳಿಬಂದಿದ್ದಾನಂತೆ, ಕಲ್ಯಾಣದುರ್ಗಕ್ಕೆ ಹೋಗುವ ಮೊದಲೇ.

ಆಮೇಲೆ ನಾನು ಹಿತ್ತಲಿಗೆ ಹೋಗಿ ಬಹಳ ಹೊತ್ತು ಅಳುತ್ತಾ ಕೂತೆ. ಅತ್ತೆ ಕರೆಯಲು ಬರಲಿಲ್ಲ.

ನವೆಂಬರ್ ೫, ಸೋಮವಾರ

ಎಂಟು ದಿನ ಬರೆಯಲು ಆಗಲಿಲ್ಲ.

ಎರಡನೇ ಚಕ್ರಕ್ಕೆ ಬೋಳು ತುಂಡನ್ನು ನಾನೇ ಲೇತಿನಲ್ಲಿ ಕಡೆಯುತ್ತಿದ್ದೇನೆ. ನಿಧಾನ. ಮಲ್ಲಿಕಾರ್ಜುನಪ್ಪ ಮಂಡಿ ತೆಗೆಯುವ ಮುಂಚೆ ಬಂದು ಸ್ವಲ್ಪ ಹೊತ್ತು ಗಾಲಿಗೆ ನಿಲ್ಲುತ್ತಾನೆ. ಮಂಡಿಯಲ್ಲಿ ಈಗ ಎಣಿಸುವಾಗ ಲಾಭ ಎನ್ನುವುದಕ್ಕೆ ಹೆದರಿಕೆಯಾಗುತ್ತದಂತೆ, ಹಮಾಲಿಗಳು ನಗುತ್ತಾರಂತೆ. ವೈಸಿನಿಂದ ತೆಗೆದ ಅರ್ಧ ಹಲ್ಲಿನ ಚಕ್ರ ಕಾಣಲಿಲ್ಲ ಎಂದು ಹುಡುಕಿದೆ. ಅತ್ತೆ ಅದನ್ನು ಅಡಿಗೆಮನೆಯ ಬಾಗಿಲಿಗೆ ಒತ್ತಿಟ್ಟುಕೊಂಡಿದ್ದಾರೆ, ಗಾಳಿಗೆ ಹೊಡೆದುಕೊಳ್ಳದ ಹಾಗೆ. ಚೆನ್ನಾಗಿ ನಿಲ್ಲುತ್ತದೆ.

ಮಿಷಿನ್ನಿನ ಮುಂದೆ ಅವರು ನಿಂತು ಸವೆದ ಕಲ್ಲು ಬಹಳ ತಗ್ಗು. ಈಗ ಅಲ್ಲೇ ನಿಲ್ಲುತ್ತೇನೆ, ಮೇಜು ನನಗೆ ಎತ್ತರವಾಗುತ್ತದೆ, ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ. ನಾಳೆ ಒಂದು ಹಲಗೆ ಹಾಕಿಕೊಳ್ಳಬೇಕು.